ಮೂರು ಪೇಟೆಗಳಲ್ಲಿ ಅಗ್ಗದ ಮನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ: ಈ ಮೂರರಲ್ಲಿ ಬಾಡಿಗೆ ಮನೆ ಹಿಡಿದು ಸಂಸಾರ ಸಾಗಿಸಲು ಯಾವ ಪೇಟೆ ಅಗ್ಗ ಎಂದು ಆ ಕಾಲದಲ್ಲಿ ಯಾರಾದರೂ ಕೇಳಿದ್ದರೆ ನನ್ನಷ್ಟು ಖಚಿತವಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ. ನಾನು ಬಸ್ಸಿನ ಕಂಡಕ್ಟರನಾಗಿದ್ದೆ. ನಮ್ಮ ಬಸ್ಸು ಬೆಳಿಗ್ಗೆ ಬಂಟ್ವಾಳದಿಂದ ಹೊರಟು ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆಗೆ ಬಂದು, ಸಂಜೆಗೆ ಮತ್ತೆ ಬಂಟ್ವಾಳ ಸೇರುತ್ತಿತ್ತು. ಅಕ್ಕಿ ಎಲ್ಲಿ ಸೇರಿಗೆ ಎಷ್ಟು, ಬೂತಾಯಿ ಮೀನು ಎಲ್ಲಿ ಹಸಿಯಾಗಿ ಸಿಗುತ್ತದೆ, ಎಲ್ಲಿ ನಾರಿದ ಮೇಲೆ ಬರುತ್ತದೆ, ಸೌದೆಗೆ ಎಲ್ಲಿ ದುಡ್ಡು ಕೊಡಬೇಕು, ಎಲ್ಲಿ ಕತ್ತಿ ಹಿಡಿದು ಗುಡ್ಡೆ ಹತ್ತಿದರೆ ಸಾಕು, ಎಲ್ಲವೂ ನನಗೆ ಬಾಯಿಪಾಠ. ಪ್ರಯಾಣಿಕರು ಮಾತಾಡುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ಲೆಕ್ಕದಲ್ಲಿ ಜಾಣ ಎಂಬ ಹೆಸರಿತ್ತು. ಆ ಹೆಸರು ತಲೆಗೇರಿದ್ದೇ ನನ್ನ ತಂಗಿಗೆ ಮುಳುವಾಯಿತು. ಅದನ್ನು ಬರೆಯಲೆಂದೇ ಈಗ ಕುಳಿತಿದ್ದೇನೆ.

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತಂಗಿಯನ್ನು ಅಳದಂಗಡಿಯ ಹತ್ತಿರ ಒಂದು ಬೇಸಾಯದ ಮನೆಗೆ ಕೊಟ್ಟಿದ್ದೆವು. ಮದುವೆಯಾದ ಮೇಲೂ ಅವಳು ತವರಿಗೆ ಬರುವುದು ನಮ್ಮ ಬಸ್ಸಿನಲ್ಲೇ. ಗುರುವಾಯನಕೆರೆಯಲ್ಲಿ ಹತ್ತಿ ಡ್ರೈವರನ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂರುವಳು. ನಾನು ಹತ್ತಿರ ಹೋಗಿ "ಟಿಕೆಟ್" ಎಂದರೆ ಇಡೀ ಬಸ್ಸಿಗೆ ಕೇಳುವ ಹಾಗೆ, "ಕಂಡಕ್ಟರನ ತಂಗಿ ಟಿಕೆಟ್ ತೆಗೆಯುವುದಾ? ನಿನಗೆ ಮರ್ಯಾದೆ ಬೇಡ್ವಾ ಅಣ್ಣ?" ಎನ್ನುವಳು. ಎಲ್ಲರೂ ನಗುತ್ತಿದ್ದರು. ಅವಳ ಟಿಕೆಟಿನ ದುಡ್ಡನ್ನು ನಾನು ನನ್ನ ಕಿಸೆಯಿಂದ ತೆಗೆದು ಚೀಲಕ್ಕೆ ಹಾಕುತ್ತಿದ್ದೆ.

ನಾವಿದ್ದ ಮನೆ ಬಂಟ್ವಾಳದ ಪೇಟೆಯ ಕೆಳಗೆ, ಹೊಳೆಯ ಬದಿಯಲ್ಲಿ. ಬಾಡಿಗೆ ಅಗ್ಗ, ಯಾಕೆಂದರೆ ಮಳೆಗಾಲದಲ್ಲಿ ನೇತ್ರಾವತಿಯೂ ನಮ್ಮ ಜೊತೆ ವಾಸಕ್ಕೆ ಬರುತ್ತಿದ್ದಳು. ಪ್ರತಿವರ್ಷ ಆಟಿ ತಿಂಗಳಲ್ಲಿ ನೀರು ಒಳಗೆ ಬಂದು ಒಂದೆರಡು ದಿನ ಇದ್ದು ಹೋಗುತ್ತಿತ್ತು. ನಾವು ಅಕ್ಕಿಯ ಮುಡಿಯನ್ನು ಅಟ್ಟಕ್ಕೆ ಏರಿಸಿ, ಗುರುತಿನವರ ಜಗಲಿಯಲ್ಲಿ ಮಲಗಿ, ನೀರು ಇಳಿದ ಮೇಲೆ ಕೆಸರು ಗುಡಿಸಿ ಮತ್ತೆ ಒಳಗೆ ಸೇರುತ್ತಿದ್ದೆವು. ಹೊಸ ಪೈಸೆ ಬಂದ ಮರುವರ್ಷವೋ ಅದರಾಚೆಯ ವರ್ಷವೋ ನೀರು ಇಳಿಯುವಾಗ ಮಣ್ಣಿನ ಗೋಡೆಯನ್ನೂ ಇಳಿಸಿಕೊಂಡು ಹೋಯಿತು. ಮನೆಯ ಯಜಮಾನರು ಬಂದು ಕೊಡೆ ಮಡಚದೆಯೇ ನೋಡಿದರು. "ಗೋಡೆ ಕಟ್ಟಿಸಿದ್ರೆ ಬಾಡಿಗೆ ಎರಡು ಪಾಲು ಆಗ್ತದೆ. ನಿಮಗೆ ಪೂರೈಸ್ತದಾ?" ಎಂದು ಕೇಳಿದರು. ಪೂರೈಸುತ್ತಿರಲಿಲ್ಲ. ಅಕ್ಕಿ ವ್ಯಾಪಾರಿಯೊಬ್ಬರ ಗೋದಾಮಿಗೆ ತಾಗಿಸಿ ಇಳಿಸಿದ ಮಾಡಿನ ಕೆಳಗೆ ನಾವು ಸಂಸಾರ ಹೂಡಿದೆವು. ಮೂರು ಬದಿ ತಟ್ಟಿ, ಒಂದು ಬದಿ ಗೋಣಿಚೀಲದ ಪರದೆ. ಇಲಿಗಳಿಗೂ ನಮಗೂ ಒಂದೇ ಬಾಗಿಲು.

ತಂಗಿ ಬಸುರಿ ಎಂಬ ಸುದ್ದಿ ಬಂದದ್ದು ನಾವು ಆ ಮಾಡಿನ ಕೆಳಗಿರುವಾಗಲೇ. ಅಮ್ಮನಿಗೆ ಮೊದಲು ಸಂತೋಷವಾಯಿತು, ಆಮೇಲೆ ಚಿಂತೆ ಹತ್ತಿತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಯಕೆಯ ಊಟ ಮುಗಿಸಿ ಹುಡುಗಿಯನ್ನು ತಾಯಿಯ ಜೊತೆ ಕಳುಹಿಸುತ್ತಾರೆ. ಕರೆತರಲು ತಾಯಿಗೆ ಒಂದು ಮನೆ ಬೇಕಲ್ಲ.

"ಬಯಕೆಯ ದಿನ ಅವಳ ಅತ್ತೆ ನನ್ನ ಕೈಗೆ ಅವಳ ಕೈಯನ್ನು ಕೊಡ್ತಾರೆ ಮಗ," ಎಂದಳು ಅಮ್ಮ. "ಹಿಡ್ಕೊಂಡು ಎಲ್ಲಿಗೆ ಬರುವುದು? ಈ ಗೋಣಿಯ ಒಳಗಾ?"

"ಬಿಸುವಿನ ಒಳಗೆ ಮನೆ ಮಾಡ್ತೇನೆ. ನೀನು ಮಂಡೆಬಿಸಿ ಮಾಡ್ಬೇಡ," ಎಂದೆ. ಬಿಸು ಎಂದರೆ ನಮ್ಮ ಹೊಸವರ್ಷ, ಏಪ್ರಿಲಿನ ನಡುವೆ. ಮೂರು ತಿಂಗಳಿತ್ತು.

ಆ ಮೂರು ತಿಂಗಳು ನಾನು ಟ್ರಿಪ್ ಶೀಟಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು ಮೂರು ಪೇಟೆಗಳನ್ನು ತೂಗಿದೆ. ಬಂಟ್ವಾಳದಲ್ಲಿ ಮೀನು ಅಗ್ಗ, ಮಂಗಳೂರಿನಿಂದ ಸಾಮಾನು ನೇರ ಬರುವುದರಿಂದ ಅಕ್ಕಿ, ಬೆಲ್ಲ, ಸೀಮೆಎಣ್ಣೆ ಎಲ್ಲವೂ ಅಗ್ಗ. ಆದರೆ ನೀರು ಮುಟ್ಟದ ಎತ್ತರದ ಮನೆಗೆ ನನ್ನ ಅರ್ಧ ಸಂಬಳ ಬಾಡಿಗೆ. ಬೆಳ್ತಂಗಡಿಯಲ್ಲಿ ಬಾಡಿಗೆ ಕಡಿಮೆ, ಸೌದೆ ಪುಕ್ಕಟೆ. ಆದರೆ ಬೇಸಿಗೆಯಲ್ಲಿ ಬಾವಿಯ ತಳ ಕಾಣುತ್ತದೆ, ಮೀನು ಮಧ್ಯಾಹ್ನ ದಾಟಿದ ಮೇಲೆ ಬರುತ್ತದೆ. ಬಸ್ಸು ರಾತ್ರಿ ನಿಲ್ಲುವುದು ಬಂಟ್ವಾಳದಲ್ಲಾದ್ದರಿಂದ ನಾನು ವಾರಕ್ಕೊಮ್ಮೆ ಮನೆಗೆ ಹೋದರೆ ಹೆಚ್ಚು. ಮೂಡುಬಿದಿರೆ ಎಲ್ಲದರಲ್ಲೂ ನಡುವೆ. ನೀರು ಒಳ್ಳೆಯದು, ಪೇಟೆ ಶುದ್ಧ, ಹತ್ತಿರದಲ್ಲೇ ಡಾಕ್ಟರು. ಒಂದೇ ತೊಡಕು, ನಾಲ್ಕು ಮನೆ ಕೇಳಿದರೆ ಮೂರು ಮನೆಯವರ ಮೊದಲ ಪ್ರಶ್ನೆ, "ನಿಮ್ಮಲ್ಲಿ ಮೀನು ಬೇಯಿಸುವ ಕ್ರಮ ಉಂಟಾ?" ಇಲ್ಲ ಎಂದರೆ ಸುಳ್ಳು, ಉಂಟು ಎಂದರೆ ಮನೆ ಇಲ್ಲ. ಅಮ್ಮನ ಒಣಮೀನಿನ ಡಬ್ಬಿ ನೆನಪಾಗಿ ನಾನು ನಮಸ್ಕಾರ ಹಾಕಿ ಇಳಿದುಬರುತ್ತಿದ್ದೆ.

ಆ ನಾಲ್ಕನೆಯ ಮನೆ ಸಿಕ್ಕಿತು. ಮೀನಿಗೆ ಅಡ್ಡಿಯಿಲ್ಲ, ಬಾಡಿಗೆ ಹಿಡಿಸಿತು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಬಾವಿ ಬಗ್ಗಿ ನೋಡಿ, ಒಲೆಯ ಬಾಯಿ ನೋಡಿ, ಒಳಕೋಣೆಯನ್ನು ತೋರಿಸಿ, "ಇಲ್ಲಿ ಬಾಣಂತಿಗೆ ಗಾಳಿ ತಾಗುವುದಿಲ್ಲ" ಎಂದಳು. ಜಗಲಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಯಜಮಾನರ ತಾಯಿ ಕೈ ನಿಲ್ಲಿಸಿದರು. "ಬಾಣಂತಿ ಯಾರು?" ಅಮ್ಮ ಹೇಳಿದಳು. "ಹಾಗಾದ್ರೆ ಬೇಡ. ಒಂದೇ ಬಾವಿ, ಒಂದೇ ಅಂಗಳ. ನಿಮ್ಮ ಅಮೆ ಮುಗಿಯುವವರೆಗೆ ನಾವು ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ," ಎಂದರು. ಅಮೆ ಎಂದರೆ ಹೆರಿಗೆಯ ಮೈಲಿಗೆ. ಬೈಯುವ ದನಿಯಲ್ಲ, ಇದ್ದದ್ದನ್ನು ಹೇಳಿದ ದನಿ. ಹಿಂತಿರುಗುವಾಗ ನಾನು ದೊಡ್ಡ ಪಾಠ ಕಲಿತೆ: ಇನ್ನು ಮನೆ ನೋಡಲು ಅಮ್ಮನನ್ನು ಕರೆತರಬಾರದು, ಹೆರಿಗೆಯ ಮಾತು ಎತ್ತಬಾರದು. ಇಂಥ ಪಾಠಗಳನ್ನು ಬೇಗ ಕಲಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಬಿಸುವಿಗೆ ಇಪ್ಪತ್ತು ದಿನ ಇರುವಾಗ ಇನ್ನೊಂದು ಮನೆ ಸಿಕ್ಕಿತು. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿ, ಪೇಟೆ ಮುಗಿದ ಮೇಲೆ, ಬಸ್ಸಿನ ದಾರಿಗೆ ಕೂಗಳತೆಯಲ್ಲಿ ಹಂಚಿನ ಮನೆ. ಯಜಮಾನರು ಅಲ್ಲಿಂದ ಒಂದು ಮೈಲು ಒಳಗಿನ ಊರಿನ ಭೂಮಿವಂತರು, ಎಲ್ಲರೂ ಅವರನ್ನು ಧನಿಗಳು ಎನ್ನುತ್ತಿದ್ದರು. ನಾನು ಮೂರು ಪೇಟೆಗಳಲ್ಲಿ ನೋಡಿದ ಎಲ್ಲ ಮನೆಗಳಿಗಿಂತ ಬಾಡಿಗೆ ಕಡಿಮೆ. ಯಾಕೆಂದು ಅವರೇ ಹೇಳಿದರು. ನಡುಮನೆಯ ಪಕ್ಕದ ಕೋಣೆಗೆ ಬೀಗ ಹಾಕಿತ್ತು. ಒಳಗೆ ಅವರ ಕುಟುಂಬದ ದೈವ ನೆಲೆಸುವ ಮಂಚ.

"ತಿಂಗಳು ತಿಂಗಳು ಸಂಕ್ರಾಂತಿಗೆ ನಾವು ಬಂದು ದೀಪ ಇಟ್ಟು ಹೋಗ್ತೇವೆ. ನಿಮಗೆ ಅದರಿಂದ ಉಪದ್ರ ಇಲ್ಲ," ಎಂದರು ಧನಿಗಳು. "ಮೀನು, ಕೋಳಿ ಎಂತ ಬೇಕಾದ್ರೂ ಮಾಡಿ. ಆದ್ರೆ ಈ ಮಾಡಿನ ಅಡಿಯಲ್ಲಿ ಹೆರಿಗೆಯೂ ಆಗ್ಬಾರ್ದು, ಸಾವೂ ಆಗ್ಬಾರ್ದು. ಅಮೆ, ಸೂತಕ ದೈವಕ್ಕೆ ಆಗುವುದಿಲ್ಲ. ನಿಮ್ಮಲ್ಲಿ ಯಾರೆಲ್ಲ ಉಂಟು?"

"ನಾನು ಮತ್ತು ಅಮ್ಮ ಧನಿಗಳೇ. ಇಬ್ಬರೇ," ಎಂದೆ. ಅಮ್ಮನ ಪ್ರಾಯ ಕೇಳಿದರು, ಹೇಳಿದೆ. ತೃಪ್ತಿಯಿಂದ ತಲೆಯಾಡಿಸಿ ಬೀಗದ ಕೈ ಕೊಟ್ಟರು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಮೋಸ ಮಾಡುವ ಯೋಚನೆ ಇರಲಿಲ್ಲ. ಮೊದಲು ಅಮ್ಮನನ್ನು ಗೋಣಿಯ ಮರೆಯಿಂದ ಹೊರಗೆ ತರುವ, ಹೆರಿಗೆಯ ಹೊತ್ತಿಗೆ ಹದಿನೈದು ದಿನಕ್ಕೆ ಎಲ್ಲಾದರೂ ಒಂದು ಕೋಣೆ ಹಿಡಿಯುವ ಅಂದುಕೊಂಡೆ. ಹದಿನೈದು ದಿನದ ಕೋಣೆ ಬಾಡಿಗೆ ಸೇರಿಸಿದರೂ ವರ್ಷದ ಲೆಕ್ಕದಲ್ಲಿ ಇದೇ ಅಗ್ಗ ಎಂದು ಟ್ರಿಪ್ ಶೀಟಿನಲ್ಲಿ ಗೀಚಿಯೂ ನೋಡಿದೆ. ಸರಿಯಾಗಿಯೇ ಬಂತು. ಅಮ್ಮನಿಗೆ ಬೀಗದ ಕೋಣೆ ದೈವದ್ದು ಎಂದಷ್ಟೇ ಹೇಳಿದೆ, ಷರತ್ತನ್ನು ಹೇಳಲಿಲ್ಲ. ಅವಳು ಆ ದಿನವೇ ಬಾಗಿಲಿನ ಹೊರಗೆ ನಿಂತು ಕೈಮುಗಿದು, "ನನ್ನ ಮಗಳನ್ನು ಎರಡು ಜೀವ ಮಾಡಿ ಕೊಡು" ಎಂದು ಅದೇ ದೈವಕ್ಕೆ ಹರಕೆ ಹೇಳಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಬಿಸು ಕಳೆದು ಬಯಕೆಯಾಯಿತು. ತಂಗಿ ಹಸಿರು ಸೀರೆಯಲ್ಲಿ, ತಲೆ ತುಂಬ ಹೂ ಮುಡಿದು ಅಮ್ಮನ ಜೊತೆ ನಮ್ಮ ಬಸ್ಸು ಹತ್ತಿದಳು. ಟಿಕೆಟ್ ಎಂದೆ. "ಈಗ ಇಬ್ಬರಿದ್ದೇವೆ, ಇಬ್ಬರದ್ದೂ ಇಲ್ಲ," ಎಂದಳು. ಮನೆ ನೋಡಿದ ಮೇಲೆ ಅವಳಿಗೆ ಹಿಗ್ಗು. ಹೊಳೆ ಬಾರದ ಮನೆಯನ್ನು ನಮ್ಮದೆಂದು ಅವಳು ಅದಕ್ಕಿಂತ ಮೊದಲು ನೋಡಿರಲಿಲ್ಲ. ಅಂಗಳದ ಬದಿಯಲ್ಲಿ ಬಸಳೆಯ ಬಳ್ಳಿ ಊರಿದಳು. ಅಮ್ಮ ಹಳೆಯ ಸೀರೆಗಳನ್ನು ಒಗೆದು ಒಣಗಿಸಿ ಮಡಚಿಟ್ಟಳು, ತೆಂಗಿನೆಣ್ಣೆ ಕಾಯಿಸಿದಳು, ಹೆರಿಗೆ ಮಾಡಿಸುವ ಮುದುಕಿಯೊಬ್ಬಳನ್ನು ಗೊತ್ತು ಮಾಡಿದಳು.

ಸಂಕ್ರಾಂತಿಯ ದೀಪಕ್ಕೆ ಬಂದ ಧನಿಗಳು ತಂಗಿಯನ್ನು ನೋಡಿದರು. ನನ್ನನ್ನು ಅಂಗಳದ ಆಚೆ ಕರೆದು, "ಯಾರದು?" ಎಂದರು.

"ತಂಗಿ ಧನಿಗಳೇ. ನಾಲ್ಕು ದಿನ ಇರ್ಲಿಕ್ಕೆ ಬಂದದ್ದು. ಹೆರಿಗೆಗೆ ಗಂಡನ ಮನೆಗೆ ಹೋಗ್ತಾಳೆ."

"ಚೊಚ್ಚಲು ಅಲ್ವಾ?"

"ಅವರ ಮನೆಯಲ್ಲಿ ಕ್ರಮ ಬೇರೆ," ಎಂದೆ. ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವರು ನಂಬಿದರು. ಹೋಗುವಾಗ ತಂಗಿಗೆಂದು ಒಂದು ಗೊನೆ ಕದಳಿ ಬಾಳೆಹಣ್ಣು ಕಳುಹಿಸಿದರು.

ಆಮೇಲೆ ನಾನು ಕೋಣೆ ಹುಡುಕಿದೆ, ಹುಡುಕಲಿಲ್ಲವೆಂದಲ್ಲ. ಬಂಟ್ವಾಳದಲ್ಲಿ, ತುಂಬುಬಸುರಿಗೆ ಹದಿನೈದು ದಿನಕ್ಕೆ ಎಂದ ಕೂಡಲೇ ಬಾಗಿಲು ಹಾಕಿಕೊಂಡರು. ಬೆಳ್ತಂಗಡಿಯಲ್ಲಿ ಒಬ್ಬ ವಿಧವೆ ಒಪ್ಪಿದರು. "ಹೆಣ್ಣಿನ ಕಷ್ಟ ನನಗೆ ಗೊತ್ತುಂಟು. ಕರ್ಕೊಂಡು ಬನ್ನಿ," ಎಂದು ತಮ್ಮ ಮನೆಯ ಹಿಂದಿನ ಕೋಣೆಯನ್ನು ತೋರಿಸಿದರು. ಆದರೆ ಹದಿನೈದು ದಿನಕ್ಕೆ ಅವರು ಕೇಳಿದ್ದು ನಮ್ಮ ಎರಡು ತಿಂಗಳ ಬಾಡಿಗೆ. ನಾನು, "ಮುಂದಿನ ವಾರ ಹೇಳ್ತೇನೆ" ಎಂದು ಬಂದೆ. ಎರಡು ರೂಪಾಯಿ ಇಳಿಸಿಯಾರು ಎಂಬ ಆಸೆ. ದಿನ ತುಂಬಲು ಇನ್ನೂ ಮೂರು ವಾರ ಇತ್ತು. ಎರಡು ರೂಪಾಯಿ! ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

ಮುಂದಿನ ವಾರ ಬರಲಿಲ್ಲ. ಜೂನಿನ ಮಳೆ ಹಿಡಿದ ನಾಲ್ಕನೆಯ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ ಬಸ್ಸು ವೇಣೂರಿನಿಂದ ಬರುತ್ತಿದ್ದಾಗ ನಮ್ಮ ಮನೆಯ ಎದುರಿನ ದಾರಿಯಲ್ಲಿ ನೆರೆಮನೆಯ ಬೀಡಿ ಕಟ್ಟುವ ಹೆಂಗಸು ತಾಳೆಗರಿಯ ಕೊಡೆ ಬೀಸುತ್ತ ನಿಂತಿದ್ದಳು. "ಕಂಡಕ್ಟ್ರೇ, ಇಳಿಯಿರಿ! ತಂಗಿಗೆ ಬೇನೆ ಬಂದಿದೆ!" ಚೀಲವನ್ನು ಡ್ರೈವರನ ಮಡಿಲಿಗೆ ಹಾಕಿ ಓಡಿದೆ.

ಅಮ್ಮ ಒಳಕೋಣೆಯಲ್ಲಿ ಚಾಪೆ ಹಾಸಿ, ಒಲೆಯ ಮೇಲೆ ನೀರಿಟ್ಟು, ಮುದುಕಿಗೆ ಹೇಳಿಕಳುಹಿಸಿಯಾಗಿತ್ತು. ತಂಗಿ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಆ ಕೋಣೆಗೆ ಹೊರಟಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇಲ್ಲಿ ಆಗುವುದಿಲ್ಲ," ಎಂದೆ.

"ಎಂತ ಆಗುವುದಿಲ್ಲ?" ಅಮ್ಮನಿಗೆ ಅರ್ಥವಾಗಲಿಲ್ಲ.

ಮೂರು ತಿಂಗಳು ಹೇಳದ್ದನ್ನು ಆಗ ಹೇಳಿದೆ. ಬೀಗ ಹಾಕಿದ ಬಾಗಿಲು ನಮ್ಮಿಂದ ಐದು ಹೆಜ್ಜೆ ಆಚೆ ಇತ್ತು. ಅಮ್ಮ ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನನಗೆ ಆಗ ದೈವದ ಭಯವಿತ್ತೋ, ಮನೆ ಹೋಗುವ ಭಯವಿತ್ತೋ, ಇಂದಿಗೂ ಹೇಳಲಾರೆ. ಎರಡೂ ಇದ್ದಿರಬೇಕು. ತಂಗಿ ಗೋಡೆಗೆ ಹಣೆ ಒತ್ತಿ, "ಎಲ್ಲಿಗಾದ್ರೂ ಕರ್ಕೊಂಡು ಹೋಗು ಅಮ್ಮ, ನಿಲ್ಲಲಿಕ್ಕೆ ಆಗುವುದಿಲ್ಲ," ಎಂದಳು.

ಮನೆಯ ಮಾಡಿಗೆ ತಾಗದೆ ಪ್ರತ್ಯೇಕವಾಗಿದ್ದದ್ದು ಬಚ್ಚಲುಕೊಟ್ಟಿಗೆ ಒಂದೇ. ತೆಂಗಿನ ಮಡಲಿನ ಮಾಡು, ಅರ್ಧಗೋಡೆ, ಸ್ನಾನದ ಹಂಡೆ, ಒಂದು ಬದಿಯಲ್ಲಿ ಹಸಿ ಸೌದೆ. ನೆಲ ಯಾವಾಗಲೂ ಒದ್ದೆ. ಬೂದಿ ಸುರಿದು, ಹುಲ್ಲು ಹಾಸಿ, ಮೇಲೆ ಚಾಪೆ ಹಾಕಿ ಅವಳನ್ನು ಮಲಗಿಸಿದೆವು. ಮುದುಕಿ ಬಂದವಳು ಹೊಸ್ತಿಲಲ್ಲೇ ನಿಂತು, "ಇಲ್ಲಿಯಾ?" ಎಂದು ಕೇಳಿದಳು. ಅವಳು ಸೆರಗು ಸಿಕ್ಕಿಸಿ ಒಳಗೆ ಹೋದಳು. ನಾನು ಹೊರಗೆ ಮಳೆಯಲ್ಲಿ ನಿಂತು ಅರ್ಧಗೋಡೆಗೆ ಗೋಣಿ ಕಟ್ಟಿದೆ. ಅದೇ ಹಳೆಯ ಗೋಣಿಚೀಲ, ಬಂಟ್ವಾಳದಿಂದ ತಂದದ್ದು.

ಕತ್ತಲಾಗುವ ಮೊದಲೇ ಹೆಣ್ಣುಮಗು ಹುಟ್ಟಿತು. ಚಿಕ್ಕದು, ಆದರೆ ಚೆನ್ನಾಗಿ ಅತ್ತಿತು. ತಂಗಿ ನನ್ನನ್ನು ಕರೆದು ತೋರಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಬೆಚ್ಚಗೆ ಉಂಟು ಅಣ್ಣ ಇಲ್ಲಿ, ಹಂಡೆಯ ಒಲೆ ಉಂಟಲ್ಲ," ಎಂದು ನನಗೇ ಸಮಾಧಾನ ಹೇಳಿದಳು. ಅಮೆ ಕಳೆಯುವವರೆಗೆ ತಾಯಿ, ಮಗು ಅಲ್ಲೇ ಇರಬೇಕು. ಹಂಡೆಯ ಒಲೆ ಆರದ ಹಾಗೆ ಅಮ್ಮ ಕಾದಳು. ಹಸಿ ಸೌದೆ ಉರಿದದ್ದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಮೂರನೆಯ ದಿನ ಮಡಲು ಸೋರಿ ಚಾಪೆಯ ಒಂದು ಬದಿ ನೆನೆಯಿತು. ಮಗು ಹಾಲು ಬಿಟ್ಟಿತು. ನಾನು ಪೇಟೆಯಿಂದ ಡಾಕ್ಟರನ್ನು ಬಾಡಿಗೆ ಕಾರಿನಲ್ಲಿ ಕರೆತಂದೆ. ಅವರು ನೋಡಿ, "ಎದೆಗೆ ಥಂಡಿ ಇಳಿದಿದೆ. ಒಣಗಿದ ಕೋಣೆಗೆ ಸೇರಿಸಿ," ಎಂದು ಔಷಧ ಕೊಟ್ಟರು. ಆಮೇಲೆ ಮನೆಯ ಕಡೆಗೊಮ್ಮೆ, ಬಚ್ಚಲಿನ ಕಡೆಗೊಮ್ಮೆ ನೋಡಿದರು. ಅಮ್ಮ ಮಗುವನ್ನು ಸೆರಗಿನೊಳಗೆ ಇಟ್ಟುಕೊಂಡು ಬೆನ್ನನ್ನು ಒಲೆಗೆ ಕೊಟ್ಟು ಕುಳಿತಳು. ಐದನೆಯ ದಿನ ಬೆಳಿಗ್ಗೆ ಮಗು ತೀರಿಕೊಂಡಿತು.

ಧನಿಗಳು ಮಂಗಳೂರಿಗೆ ಕೋರ್ಟಿನ ಕೆಲಸಕ್ಕೆಂದು ವಾರದ ಹಿಂದೆ ಹೋಗಿದ್ದವರು ಅದರ ಮರುದಿನ ಬಂದರು. ಊರವರು ಹೇಳಿದ್ದರು. ಛೀಮಾರಿಗೆ, ಮನೆ ಬಿಡಿಸುವುದಕ್ಕೆ ನಾನು ತಯಾರಾಗಿ ಅಂಗಳದಲ್ಲಿ ನಿಂತಿದ್ದೆ. ಅವರು ಬಚ್ಚಲುಕೊಟ್ಟಿಗೆಯೊಳಗೆ ಇಣುಕಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ತಂಗಿಯನ್ನು ಕಂಡು ಹಿಂದೆ ಸರಿದು, ಜಗಲಿಯಲ್ಲಿ ಕುಳಿತರು.

"ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ," ಎಂದರು. "ನನ್ನ ಮಗಳು ಹೆತ್ತದ್ದೂ ಇದೇ ಮನೆಯಲ್ಲಿ, ಡಾಕ್ಟರಿಗೆ ಹತ್ತಿರ ಅಂತ. ಒಂದು ತಿಂಗಳ ಮೊದಲೇ ದೈವಕ್ಕೆ ಪ್ರಾರ್ಥನೆ ಮಾಡಿ, ಎಳನೀರು ಇಟ್ಟು, ಮಂಚವನ್ನು ನಮ್ಮ ಮನೆಯ ಚಾವಡಿಗೆ ಕೊಂಡುಹೋದೆವು. ಅಮೆ ಕಳೆದ ಮೇಲೆ ತಂದು ಇಟ್ಟೆವು. ಅಷ್ಟೇ ಕೆಲಸ. ನಾಲ್ಕು ಆಳು, ಅರ್ಧ ದಿನ. ನಾನು ಕೇಳಿದ್ದೆನಲ್ಲ ನಿಮ್ಮ ಹತ್ತಿರ, ಎರಡು ಸಲ ಕೇಳಿದ್ದೆ."

ಅಮ್ಮ ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು, ಎಲ್ಲವನ್ನೂ ಕೇಳಿದಳು. ಬಚ್ಚಲಿನ ಅರ್ಧಗೋಡೆಯ ಆಚೆ ಮಲಗಿದ್ದವಳಿಗೂ ಕೇಳಿಸಿತು.

ಅಮೆ ಕಳೆದ ಮೇಲೆ ತಂಗಿಯನ್ನು ಗಂಡ ಬಂದು ಕರೆದುಕೊಂಡು ಹೋದ. ಅವನು ಒಳ್ಳೆಯವನು, ಒಂದು ಬಿರುಸು ಮಾತೂ ಆಡಲಿಲ್ಲ. ಬೇರೆ ಬಸ್ಸಿನಲ್ಲಿ ಹೋದರು. ಅವಳು ಊರಿದ ಬಸಳೆ ಆ ಮಳೆಗಾಲ ಚಪ್ಪರವಿಡೀ ಹಬ್ಬಿತು. ಅಮ್ಮ ಅದರ ಒಂದು ಎಲೆಯನ್ನೂ ಕೊಯ್ಯಲಿಲ್ಲ.

ಧನಿಗಳು ಮನೆ ಬಿಡಲು ಹೇಳಲಿಲ್ಲ. ನಾವೂ ಬಿಡಲಿಲ್ಲ. ಬಿಟ್ಟು ಹೋಗುವುದೆಲ್ಲಿಗೆ? ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಮೂರು ಪೇಟೆಗಳಲ್ಲಿ ಅದಕ್ಕಿಂತ ಅಗ್ಗದ ಮನೆ ಇರಲಿಲ್ಲ. ಅಮ್ಮ ಕೊನೆಯವರೆಗೆ ಅಲ್ಲೇ ಇದ್ದಳು. ನಾನು ಮನೆಗೆ ಬಂದಾಗಲೆಲ್ಲ ಅದೇ ಬಚ್ಚಲಿನಲ್ಲಿ ಹಂಡೆಗೆ ಬೆಂಕಿ ಹಾಕಿ ಸ್ನಾನಕ್ಕೆ ನೀರು ಕಾಯಿಸಿಟ್ಟಳು. ಒಂದೇ ಒಂದು ಸಲ, ಅನ್ನ ಬಡಿಸುತ್ತ, "ನನ್ನ ಹತ್ತಿರವಾದ್ರೂ ಹೇಳ್ಬಹುದಿತ್ತು ಮಗ," ಎಂದಳು. ಅವಳ ಕಾಯಿಲೆ ಹೆಚ್ಚಾದಾಗ ಧನಿಗಳು ತಾವಾಗಿಯೇ ಆಳುಗಳನ್ನು ಕಳುಹಿಸಿ ಮಂಚವನ್ನು ತೆಗೆಸಿದರು. ನಾಲ್ಕು ಆಳು, ಅರ್ಧ ದಿನ. ಅವರು ಹೇಳಿದ ಹಾಗೆಯೇ ಆಯಿತು.

ತಂಗಿಗೆ ಆಮೇಲೆ ಮೂವರು ಮಕ್ಕಳಾದರು. ಮೂರೂ ಹೆರಿಗೆ ಗಂಡನ ಮನೆಯಲ್ಲೇ. ನಾನು ಕರೆಯಲು ಹೋದಾಗಲೆಲ್ಲ ಚಾ ಕೊಟ್ಟು, ಕ್ಷೇಮ ಕೇಳಿ, "ಇಲ್ಲಿ ಕೆಲಸ ಉಂಟು" ಎನ್ನುತ್ತಿದ್ದಳು. ಅಮ್ಮ ತೀರಿಕೊಂಡ ಸುದ್ದಿ ಕೇಳಿ ಗಂಡನ ಜೊತೆ ಬಂದಳು, ಅಂಗಳ ದಾಟುವಾಗ ಬಚ್ಚಲಿನ ಕಡೆ ತಿರುಗಿ ನೋಡದೆ ಹೋದಳು.

ಅದಾದ ಒಂದು ವರ್ಷದ ಮೇಲೆ ಅವಳು ನಮ್ಮ ಬಸ್ಸು ಹತ್ತಿದಳು. ಗುರುವಾಯನಕೆರೆಯಲ್ಲಿ, ಕೊನೆಯ ಮಗುವನ್ನು ಎತ್ತಿಕೊಂಡು. ಡ್ರೈವರನ ಹಿಂದಿನ ಸೀಟು ಖಾಲಿ ಇತ್ತು. ಅವಳು ಹಿಂದೆ ಹೋಗಿ ಹೆಂಗಸರ ನಡುವೆ ಕುಳಿತಳು. ನಾನು ಮುಂದಿನಿಂದ ಒಬ್ಬೊಬ್ಬರಿಗೇ ಟಿಕೆಟ್ ಹರಿಯುತ್ತ ಅವಳ ಸೀಟಿನ ಹತ್ತಿರ ಬಂದು, ಅವಳನ್ನು ದಾಟಿ ಮುಂದಿನವರ ಕಡೆ ಕೈ ಚಾಚಿದೆ. ಹಿಂದಿನಿಂದ, "ಕಂಡಕ್ಟ್ರೇ" ಎಂಬ ದನಿ ಕೇಳಿತು. ತಿರುಗಿದೆ. "ಒಂದು ವೇಣೂರು," ಎಂದಳು. ಬೇಡ ಎಂದು ತಲೆಯಾಡಿಸಿದೆ. ಅವಳು ಚಿಲ್ಲರೆ ಹಿಡಿದ ಕೈಯನ್ನು ಇಳಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪಕ್ಕದವರು ನಮ್ಮಿಬ್ಬರನ್ನೂ ನೋಡತೊಡಗಿದರು. ನಾನು ದುಡ್ಡು ತೆಗೆದುಕೊಂಡು ಟಿಕೆಟ್ ಹರಿದು ಕೊಟ್ಟೆ.